ಹಳದಿ ಬೀದಿಯಲ್ಲಿ ಹೂವಿನ ಬುಟ್ಟಿ

ಕೆಲವು ಹೆಂಗಸರಿಗೆ ಸೀರೆಯ ಗಂಟು ಕಂಡರೆ ಕಾಲು ನಿಲ್ಲುತ್ತದೆ, ಕೆಲವರಿಗೆ ಪಕ್ಕದ ಮನೆಯ ಜಗಳ ಕೇಳಿಸಿದರೆ ನಿಲ್ಲುತ್ತದೆ. ನನಗೆ ಒಂದು ಚಿತ್ರ ಕಂಡರೆ ಸಾಕು. ಕಾಲು ನಿಲ್ಲುವುದಷ್ಟೇ ಅಲ್ಲ, ಚಿತ್ರದೊಳಕ್ಕೇ ನಡೆದುಬಿಡುತ್ತದೆ. ನಮ್ಮ ದೇವರ ಮನೆಯ ಗೋಡೆಯಲ್ಲಿ ಕೈಲಾಸದ ಪಟ ಒಂದಿದೆ. ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಪೂಜೆಗೆ ಕುಳಿತು ಅದರ ಕಡೆ ಒಮ್ಮೆ ಕಣ್ಣು ಹಾಯಿಸಿದೆನೋ ಮುಗಿಯಿತು. ಆ ಹಿಮದ ಬೆಟ್ಟದ ಹಿಂದೆ ಏನಿರಬಹುದು, ಪಾರ್ವತಮ್ಮ ನೀರು ಎಲ್ಲಿಂದ ತರುತ್ತಾಳೆ, ನಂದಿಗೆ ಹುಲ್ಲು ಕುಯ್ಯುವವರು ಯಾರು ಎಂದು ಹುಡುಕಿಕೊಂಡು ಹೊರಟುಹೋಗುತ್ತೇನೆ. ಇತ್ತ ಒಲೆಯ ಮೇಲೆ ಹಾಲು ಉಕ್ಕಿ ಬೂದಿಯೊಳಗೆ ಸೇರಿರುತ್ತದೆ. ಚಿಕ್ಕವಳಿದ್ದಾಗಲೂ ಇದೇ ಬಾಳು. ರಾಮನಾಥಪುರದಲ್ಲಿ ಕಾವೇರಿಗೆ ನೀರಿಗೆಂದು ಹೋಗಿ, ಮೀನು ನೋಡುತ್ತ ನಿಂತು, ಬರಿಯ ಬಿಂದಿಗೆಯನ್ನೇ ತುಂಬಿದೆ ಎಂದು ಸೊಂಟಕ್ಕೇರಿಸಿಕೊಂಡು ಬಂದವಳು ನಾನು. ಅವ್ವ ಬಿಂದಿಗೆಯೊಳಗೆ ಇಣುಕಿ, “ಇವಳನ್ನ ಕಟ್ಕೊಳ್ಳೋ ಪುಣ್ಯಾತ್ಮ ಎಲ್ಲಿದಾನೋ!” ಎಂದಿದ್ದಳು. ಆ ಪುಣ್ಯಾತ್ಮರು ಇಲ್ಲೇ, ಹೇಮಾವತಿಯ ದಂಡೆಯ ನಮ್ಮೂರಿನಲ್ಲಿ, ಮುನಿಸಿಪಾಲಿಟಿಯ ಗುಮಾಸ್ತರಾಗಿದ್ದರು. ಹಾಲು ಉಕ್ಕುವ ವಾಸನೆ ಬಂದರೆ ಕೂಗಾಡದೆ ತಾವೇ ಎದ್ದು ಹೋಗಿ ಇಳಿಸುವ ಮನುಷ್ಯ. ಶಿವ ನನಗೆ ಮಾಡಿದ ಉಪಕಾರಗಳನ್ನು ನೆನೆಯುವಾಗ ನಾನು ಇವರಿಂದಲೇ ಶುರು ಮಾಡುತ್ತೇನೆ.

ಇಂಥ ನನ್ನ ಮುಂದೆ ಒಂದು ಭಾನುವಾರ ಇವರು ಇಡೀ ಊರಿನ ಚಿತ್ರವನ್ನೇ ತಂದು ಹಾಸಿಬಿಟ್ಟರು. ಯುದ್ಧದ ಕಾಲ, ಸೀಮೆಎಣ್ಣೆ ಸಿಕ್ಕುವುದೇ ಕಷ್ಟವಾಗಿ, ಬರೆಯುವ ಕೆಲಸವೆಲ್ಲ ಹಗಲಿನಲ್ಲೇ ಮುಗಿಯಬೇಕು. ಆಫೀಸಿನಲ್ಲಿ ಆ ಕಾಗದ ಹಿಡಿಸುವಷ್ಟು ಅಗಲದ ಮೇಜಿಲ್ಲ. ಹಾಗಾಗಿ ನಮ್ಮ ನಡುಮನೆಯ ನೆಲದ ಮೇಲೆ ನಕ್ಷೆ ಮಲಗಿತು, ನಾಲ್ಕು ಮೂಲೆಗೂ ನನ್ನ ನಾಲ್ಕು ಹಿತ್ತಾಳೆ ಚೊಂಬು ಕಾವಲು ಕುಳಿತವು. ಅಡಿಗೆಮನೆಗೆ ಹೋಗಬೇಕಾದರೆ ಗೋಡೆ ಹಿಡಿದುಕೊಂಡು ಊರಿನ ಹೊರಗಿನಿಂದ ಸುತ್ತಿಕೊಂಡು ಹೋಗಬೇಕು. ಅಕ್ಷರವಿರುವ ಕಾಗದವಲ್ಲವೇ, ಸೆರಗು ತಾಕಿದರೂ ನಾನು ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. “ನಮಸ್ಕಾರ ಸಾಕು ಮಾಡೇ, ಬಣ್ಣ ಕೈಗೆ ಬಂದೀತು,” ಎಂದು ಇವರು ನಗುತ್ತಿದ್ದರು.

ಊರು ಬೆಳೆಯುತ್ತಿದೆ, ಮನೆ ಎಲ್ಲಿರಬೇಕು, ಅಂಗಡಿ ಎಲ್ಲಿರಬೇಕು, ತೋಟ ಗದ್ದೆ ಎಲ್ಲಿ ಉಳಿಯಬೇಕು ಎಂದು ಹಾಸನದ ಕಡೆಯಿಂದ ಬಂದ ಓವರ್ಸಿಯರೊಬ್ಬರು ಬಿಸಿಲಿನಲ್ಲಿ ಸರಪಳಿ ಎಳೆಸಿ ಅಳೆದು ಆ ನಕ್ಷೆ ಮಾಡಿಕೊಟ್ಟಿದ್ದರು. ವಾಸದ ಮನೆಗಳಿಗೆ ಹಳದಿ, ಅಂಗಡಿಗಳಿಗೆ ಕೆಂಪು, ಹೊಲ ತೋಟಕ್ಕೆ ಹಸಿರು, ಗುಡಿ ಮತ್ತು ಸ್ಕೂಲುಗಳಿಗೆ ನೇರಳೆ. ಮೇಲಿನವರು ಅದನ್ನು ಒಪ್ಪಿಯೂ ಆಗಿತ್ತು. ತೊಂದರೆಯೆಂದರೆ ಮುನಿಸಿಪಾಲಿಟಿಯ ರೂಲುಗಳು ಮಾತ್ರ ಪ್ಲೇಗಿನ ಕಾಲದವು. ನಕ್ಷೆಯಲ್ಲಿ ಮನೆಯ ಬಣ್ಣ ಬಳಿದ ಕಡೆ ರೂಲಿನಲ್ಲಿ ಎಣ್ಣೆ ಗಾಣಕ್ಕೆ ಅಪ್ಪಣೆಯಿತ್ತು. ಅಂಗಡಿ ಬಣ್ಣದ ಕಡೆ ಎಮ್ಮೆ ಕಟ್ಟಲು ಅಪ್ಪಣೆಯಿತ್ತು. ಒಂದೊಂದು ರೂಲನ್ನೂ ನಕ್ಷೆಯ ಬಣ್ಣಕ್ಕೆ ಸರಿಹೋಗುವಂತೆ ತಿದ್ದಿ ಬರೆಯುವ ಕೆಲಸ ಇವರ ತಲೆಗೆ ಬಂದಿತ್ತು. ಬರೆದದ್ದನ್ನು ಗಟ್ಟಿಯಾಗಿ ಓದಿ, “ಅರ್ಥವಾಗುತ್ತೇನೇ?” ಎಂದು ನನ್ನನ್ನು ಕೇಳುವರು. ನನಗೆ ಅರ್ಥವಾದರೆ ಊರಿಗೆಲ್ಲ ಅರ್ಥವಾದ ಹಾಗೆ ಎಂಬುದು ಅವರ ಲೆಕ್ಕ. ಮರ್ಯಾದೆಯೋ ಅಲ್ಲವೋ ತಿಳಿಯದೆ ನಾನು ಸುಮ್ಮನೆ ಸಂತೋಷಪಟ್ಟೆ.

ಆದರೆ ನಾನು ಕೇಳುತ್ತಿದ್ದೆನೇ? ಅಕ್ಕಿ ಆರಿಸುವ ಮೊರ ತೊಡೆಯ ಮೇಲೆ, ಕಣ್ಣು ನಕ್ಷೆಯ ಮೇಲೆ. ನಾನಾಗಲೇ ಊರೊಳಗೆ ಇಳಿದಿದ್ದೆ. ಎಂಥ ಊರು! ಮಳೆಗಾಲದಲ್ಲಿ ಕೆಮ್ಮಣ್ಣಿನ ಹಾಗೆ ಹರಿಯುವ ನಮ್ಮ ಹೇಮಾವತಿ ಅಲ್ಲಿ ನೀಲಿ. ದಂಡೆಯಲ್ಲಿ ಒಂದು ಮುಳ್ಳಿಲ್ಲ. ಅರಕಲಗೂಡಿನ ರಸ್ತೆಯಲ್ಲಿ ಗಾಡಿಯ ಧೂಳಿಲ್ಲ. ಬೀದಿಗಳು ಹೊಸದಾಗಿ ಅರಿಶಿನ ಹಚ್ಚಿದ ಹೊಸ್ತಿಲಿನಂತೆ ಹೊಳೆಯುತ್ತಿವೆ. ಯಾವ ಮನೆಯಲ್ಲೂ ಮಗು ಅಳುವುದಿಲ್ಲ, ಯಾರೂ ಕೆಮ್ಮುವುದಿಲ್ಲ. ನೇರಳೆ ಬಣ್ಣದ ಒಂದು ಗುಡಿಯಿಂದ ಇನ್ನೊಂದು ಗುಡಿಗೆ ಬರಿಗಾಲಲ್ಲಿ ಹೋಗುತ್ತಿದ್ದೇನೆ, ಕಾಲಿಗೆ ಮಣ್ಣೇ ಹತ್ತುತ್ತಿಲ್ಲ. ಅಷ್ಟರಲ್ಲಿ ಎಲ್ಲಿಂದಲೋ ಇವರ ದನಿ, “ಹಳದಿ ಬೀದಿಗಳಲ್ಲಿ ಯಾವ ತರದ ಮಾರಾಟವೂ ಕೂಡದು. ಹೇಗಿದೆ?” ಎಂದಿತು. “ಬಹಳ ಚೆನ್ನಾಗಿದೆ,” ಎಂದೆ. ಅಷ್ಟು ಚೆಂದದ ಬೀದಿಯಲ್ಲಿ ಚೌಕಾಸಿ ಮಾಡುವ ಮನಸ್ಸು ಯಾರಿಗಾದರೂ ಬರುತ್ತದೆಯೇ?

ಆಗಲೇ ಹೊರಗಿನಿಂದ, “ಅವ್ವಾರೇ, ಊವಾ!” ಎಂಬ ಕೂಗು ಬಂತು. ಇವರ ಲೇಖನಿ ನಿಂತಿತು. ನಾನೂ ಹೇಮಾವತಿಯ ದಂಡೆಯಿಂದ ನಡುಮನೆಗೆ ಬಂದು ಬಿದ್ದೆ.

ಕೂಗಿದವಳು ಹೂವಿನ ನಂಜಮ್ಮ. ದಿನವೂ ಮಧ್ಯಾಹ್ನ ಇಳಿದ ಮೇಲೆ ನಮ್ಮ ಜಗಲಿಯ ಒಂದು ತುದಿಯಲ್ಲಿ ಬುಟ್ಟಿ ಇಳಿಸಿ, ಕಾಕಡ, ಸೇವಂತಿಗೆ, ಮರುಗ ಇಟ್ಟುಕೊಂಡು ಮಾರುವವಳು. ಸಂತೆ ಬೀದಿಗೆ ಹೋದರೆ ಇದರ ಎರಡರಷ್ಟು ಗಿರಾಕಿ. ಆದರೆ ಅವಳು ಹೋಗುವಂತಿಲ್ಲ. ನಮ್ಮ ಮನೆಯ ಪಕ್ಕದ ಓಣಿಯಲ್ಲೇ ಅವಳ ಗುಡಿಸಲು. ಗಂಡ ಸೊಂಟ ಬಿದ್ದು ಹಾಸಿಗೆ ಹಿಡಿದಿದ್ದ. ಒಳಗಿನಿಂದ ಅವನು “ನಂಜೀ” ಎಂದು ಕರೆದರೆ ನಮ್ಮ ಜಗಲಿಗೆ ಕೇಳಿಸುತ್ತದೆ. ನೀರು ಕುಡಿಸಿಯೋ ಮಗ್ಗುಲು ತಿರುಗಿಸಿಯೋ ಮತ್ತೆ ಬಂದು ಕೂರುತ್ತಾಳೆ.

“ಏನೂಂದ್ರೆ, ನಮ್ಮ ಬೀದಿ ಯಾವ ಬಣ್ಣ?” ಎಂದೆ.

“ಹಳದಿ. ಈಗ ತಾನೇ ಬಹಳ ಚೆನ್ನಾಗಿದೆ ಅಂದೆಯಲ್ಲ?”

“ಹಾಗಾದ್ರೆ ನಂಜಮ್ಮ?”

ಇವರು ತಲೆ ಬಗ್ಗಿಸಿದರು. “ನಾನೂ ಅದನ್ನೇ ಯೋಚಿಸ್ತಿದ್ದೆ. ರೂಲು ಬರೆಯೋನ ಮನೆ ಜಗಲೀಲೇ ರೂಲು ತಪ್ಪಿದ್ರೆ ಊರು ನನ್ನ ಮುಖಕ್ಕೆ ಏನು ಹೇಳುತ್ತೆ?”

ನಂಜಮ್ಮನಿಗೆ ಹೇಳುವ ಭಾರ ನನ್ನ ಮೇಲೆ ಬಿತ್ತು. ಬಣ್ಣ, ನಕ್ಷೆ ಎಂದು ನಾನು ತಡವರಿಸಿದ್ದನ್ನು ಅವಳು ಹೂ ಕಟ್ಟುತ್ತಲೇ ಕೇಳಿದಳು. “ಅಂಗಂದ್ರೆ ನಾನು ಸಂತೆ ಬೀದಿಗೆ ಓಗ್ಬೇಕಾ? ಅಲ್ಲಿಗೆ ನಮ್ಮೆಜಮಾನ್ರ ಕೂಗು ಕೇಳ್ತದಾ ಅವ್ವಾರೆ? ಅಷ್ಟು ಗಟ್ಟಿ ಗಂಟ್ಲಿದ್ದಿದ್ರೆ ಅವ್ರೇ ಎದ್ದು ಬಂದು ಮಾರ್ತಿದ್ರು ಕಣ್ರವ್ವಾ,” ಎಂದು ನಕ್ಕಳು.

ಮಾರನೆಯ ದಿನ ನಕ್ಷೆಯ ಮುಂದೆ ಕುಳಿತೆ. ಇವರು ಬರೆದಿದ್ದರಲ್ಲಿ ನೇರಳೆಗೆ ಒಂದು ಸೌಕರ್ಯವಿತ್ತು: ಗುಡಿಯ ಪಕ್ಕದಲ್ಲಿ ಹೂವು, ಹಣ್ಣು, ಕಾಯಿ ಮಾರಬಹುದು. ನಮ್ಮ ಬೀದಿಯನ್ನು ಬೆರಳಿನಿಂದ ಹುಡುಕಿಕೊಂಡು ಹೋಗಿ ನಮ್ಮ ಮನೆಯ ಮುಂದೆ ನಿಂತೆ. ಜಗಲಿಯ ಗೋಡೆಯ ಗೂಡಿನಲ್ಲಿ ನಮ್ಮ ಅತ್ತೆಯವರ ಕಾಲದಿಂದಲೂ ಗೇಣುದ್ದದ ಕಲ್ಲಿನ ಬಸವಣ್ಣ ಇದ್ದಾನೆ. ದಾರಿಯಲ್ಲಿ ಹೋಗುವವರು ಮುಟ್ಟಿ ಕೆನ್ನೆಗೆ ಹಾಕಿಕೊಂಡೇ ಹೋಗುವುದು. ನಕ್ಷೆಯಲ್ಲಿ ಅವನಿಲ್ಲ! ಸಂಜೆ ಇವರು ಬಂದ ಕೂಡಲೇ, ಅವನಿಗೂ ಒಂದು ಚುಕ್ಕೆ ನೇರಳೆ ಬಳಿದರೆ ನಂಜಮ್ಮ ಗುಡಿಯ ಪಕ್ಕದಲ್ಲಿ ಕೂತಂತಾಗುತ್ತದೆ ಎಂದು ಹೇಳಿದೆ. “ಗೇಣುದ್ದದ ಬಸವಣ್ಣನಿಗೆ ನಕ್ಷೇಲಿ ಜಾಗ ಬೇಕೇನೇ?” ಎಂದರು. “ನಿಮ್ಮ ನಕ್ಷೇಲಿ ಇಡೀ ಊರೇ ನಾಲ್ಕು ಮೊಳ ಇದೆ. ಅವನೇನು ಮಹಾ ಜಾಗ ಕೇಳ್ತಾನೆ?” ಎಂದೆ. ಇವರು ರೂಲಿನ ಮೇಲೆ ತಕರಾರು ಹೇಳುವ ಹಕ್ಕು ಊರಿನವರಿಗೆಲ್ಲ ಇದೆ, ಗುಮಾಸ್ತನ ಹೆಂಡತಿಗೆ ಇಲ್ಲ ಎನ್ನಲು ಆಗುವುದಿಲ್ಲ ಎಂದು ಒಪ್ಪಿ, ಮುನಿಸಿಪಾಲಿಟಿಯ ಅಧ್ಯಕ್ಷರಿಗೆ ಹೇಳಿದರು. ಸ್ಥಳವನ್ನು ತಾವೇ ನೋಡುವುದಾಗಿ ಅಧ್ಯಕ್ಷರು ಮಾತುಕೊಟ್ಟರು.

ನಾನು ಮಾಡಿದ ತಪ್ಪೆಂದರೆ ಈ ಸಂತೋಷವನ್ನು ನಲ್ಲಿಯ ಹತ್ತಿರ ಹೇಳಿಕೊಂಡದ್ದು. ಗುಡಿಯೆಂದು ಬರೆಸಿಕೊಂಡರೆ ಮನೆ ಮುಂದೆ ಬೆಣ್ಣೆ ಮಾರಬಹುದಂತೆ, ಹಪ್ಪಳ ಮಾರಬಹುದಂತೆ ಎಂದು ಮಾತು ಬೆಳೆಯಿತು. ಅಧ್ಯಕ್ಷರು ಬರುವ ದಿನ ಬೆಳಗಾದರೆ ನಮ್ಮ ಬೀದಿಯ ಜಗಲಿಗಳಲ್ಲೆಲ್ಲ ದೇವರು ಮೂಡಿದ್ದರು. ಎದುರು ಮನೆಯಲ್ಲಿ ರುಬ್ಬುವ ಗುಂಡು ವಿಭೂತಿ ಬಳಿದುಕೊಂಡು ಕುಳಿತಿತ್ತು. ಅದರಾಚೆಯ ಮನೆಯಲ್ಲಿ ಬೋರಲು ಹಾಕಿದ ಕೊಳಗಕ್ಕೆ ಕುಂಕುಮ. ಇನ್ನೊಂದು ಜಗಲಿಯ ದೇವರಿಗೆ ಪಂಚೆ ಉಡಿಸಿದ್ದರಿಂದ ಒಳಗೆ ಏನಿದೆಯೆಂಬುದು ಇವತ್ತಿಗೂ ಗೊತ್ತಿಲ್ಲ.

ಅಧ್ಯಕ್ಷರು ಕೊಬ್ಬರಿ ಮಂಡಿಯವರು. ಚನ್ನರಾಯಪಟ್ಟಣದ ವರ್ತಕರೊಂದಿಗೆ ದೊಡ್ಡ ವ್ಯಾಪಾರ. ಎತ್ತರದ ಆಳು, ದೈವಭಕ್ತರು, ಕಾಲಿಗೆ ದಾರ ಕಟ್ಟುವ ಬೂಟು. ದೇವರ ಮುಂದೆ ಬೂಟು ಕಳಚದೆ ನಿಲ್ಲುವವರಲ್ಲ. ಮಧ್ಯಾಹ್ನ ಇಳಿದ ಮೇಲೆ ಇವರನ್ನು ಜೊತೆಗೆ ಕರೆದುಕೊಂಡು ಬಂದು, ಮೊದಲನೆಯ ಮನೆಯಲ್ಲಿ ಬಗ್ಗಿ ದಾರ ಬಿಚ್ಚಿ, ಕೈಮುಗಿದು, ಮತ್ತೆ ಕಟ್ಟಿಕೊಂಡರು. ಎರಡನೆಯ ಮನೆಯಲ್ಲೂ ಹಾಗೆಯೇ. ಆಮೇಲೆ ದಾರ ಕಟ್ಟುವುದನ್ನು ಬಿಟ್ಟರು. ನಮ್ಮ ಮನೆಗೆ ಬರುವ ಹೊತ್ತಿಗೆ ಬೂಟುಗಳು ಅವರ ಕೈಯಲ್ಲಿದ್ದವು, ಬೆವರು ಕೊರಳಿಗೆ ಇಳಿದಿತ್ತು.

“ಏನ್ರೀ ಗುಮಾಸ್ತರೇ, ಈ ಬೀದೀಲಿ ಮನುಷ್ಯರು ಅನ್ನೋರು ಯಾರೂ ವಾಸ ಇಲ್ವೇನ್ರೀ?” ಎನ್ನುತ್ತ ನಂಜಮ್ಮನ ಬುಟ್ಟಿಯ ಪಕ್ಕದಲ್ಲೇ ಕುಸಿದು ಕುಳಿತರು. ನಾಚಿಕೆಯಿಂದ ನಾನು ಬಾಗಿಲ ಸಂದಿಗೆ ಸೇರಿದೆ. ಬಸವಣ್ಣನನ್ನು ತೋರಿಸುವ ಧೈರ್ಯ ಇವರಿಗೂ ಬರಲಿಲ್ಲ. ಎಲ್ಲ ಕೆಟ್ಟಿತು, ಇನ್ನು ನಂಜಮ್ಮನಿಗೆ ಸಂತೆ ಬೀದಿಯೇ ಗತಿ ಎಂದುಕೊಂಡೆ. ಆ ಗಳಿಗೆಯಲ್ಲೇ ಓಣಿಯಿಂದ “ನಂಜೀ” ಎಂದು ಕೂಗು ಕೇಳಿಸಿತು.

“ಬಂದೇ ಕಣಾ! ಸಾ, ಬುಟ್ಟಿ ಕಡೆ ವಸಿ ನೋಡ್ಕಂಡಿರಿ, ಈಗ್ಬತ್ತೀನಿ,” ಎಂದು ಊರಿನ ಅಧ್ಯಕ್ಷರಿಗೆ ಹೇಳಿ ನಂಜಮ್ಮ ಓಡಿದಳು.

ಅವಳು ಅತ್ತ ಹೋದಳು, ಇತ್ತ ಗಿರಾಕಿ ಬಂದಳು. “ಒಂದು ಮೊಳ ಕಾಕಡ ಕೊಡಿ,” ಎಂದು ಬೇರೆ ಬೀದಿಯ ಹೆಂಗಸು, ಅಧ್ಯಕ್ಷರ ಗುರುತಿಲ್ಲದವಳು, ಬುಟ್ಟಿಯ ಮುಂದೆ ನಿಂತಳು. ವರ್ತಕರ ಕೈ ನೋಡಿ. ಗಿರಾಕಿ ಕೇಳಿದರೆ ತಾನಾಗಿ ಏಳುತ್ತದೆ. ಅವರು ಹೂವಿನ ಸರ ತೆಗೆದು ಮೊಣಕೈಯಿಂದ ಬೆರಳ ತುದಿಗೆ ಅಳೆದು ಕೊಟ್ಟೇಬಿಟ್ಟರು. ಅವರ ಮೊಳವೋ, ನಂಜಮ್ಮನ ಮೊಳಕ್ಕಿಂತ ಗೇಣು ಉದ್ದ. ಆ ಸುದ್ದಿ ಹರಡಲು ಎಷ್ಟು ಹೊತ್ತು? ರುಬ್ಬುವ ಗುಂಡಿನ ಮನೆಯವರೂ ಕೊಳಗದ ಮನೆಯವರೂ ದೇವರನ್ನು ಅಲ್ಲಲ್ಲೇ ಬಿಟ್ಟು ಬಂದು ಮುತ್ತಿಕೊಂಡರು. “ನನಗೆ ಎರಡು ಮೊಳ!” “ಸ್ವಾಮಿ, ನನಗೆ ಮೊದಲು!” ಅಧ್ಯಕ್ಷರಿಗೂ ಹುರುಪು ಬಂದಿತ್ತು. ನಂಜಮ್ಮ ಬರುವ ಹೊತ್ತಿಗೆ ಬುಟ್ಟಿಯ ತಳದ ಬಾಳೆಲೆ ಕಾಣುತ್ತಿತ್ತು.

“ಅಯ್ಯೋ ನಮ್ಮಪ್ಪಾ, ಇದೇನ್ ಸಾ, ಇಷ್ಟುದ್ದ ಅಳ್ದು ಕೊಟ್ಬುಟ್ರಾ! ನಿಮ್ಮಂತ ತೋಳಿಟ್ಕಂಡು ಊವಿನ ಯಾಪಾರ ಮಾಡೋಕಾಗ್ತದಾ?”

ಅಧ್ಯಕ್ಷರು ತಮ್ಮ ಕೈಯನ್ನೇ ನೋಡಿಕೊಂಡರು. ಆಮೇಲೆ ಓಣಿಯ ಕಡೆ ನೋಡಿ, “ಯಾರಮ್ಮ ಕೂಗಿದ್ದು?” ಎಂದು ಕೇಳಿದರು. ನಂಜಮ್ಮ ಹೇಳಿದಳು. ಬಹಳ ಹೇಳಲಿಲ್ಲ. ಸಂತೆ ಬೀದಿಗೆ ಆ ಕೂಗು ಕೇಳಿಸುವುದಿಲ್ಲ ಎಂದಳು, ಅಷ್ಟೇ. ಅಧ್ಯಕ್ಷರು ಇವರ ಕಡೆ ತಿರುಗಿ, “ಗುಮಾಸ್ತರೇ, ಹಳದಿ ಬೀದೀಲಿ ಮಾರಾಟ ಮಾಡಿದವರಿಗೆ ಏನು ಶಿಕ್ಷೆ ಅಂತ ಬರೆದಿದೀರಿ?” ಎಂದರು. ಇವರು ಕಾಗದ ತೆಗೆಯುವಷ್ಟರಲ್ಲಿ ಅವರೇ ಮುಂದುವರಿಸಿದರು: “ನಕ್ಷೆ ಹಾಗೇ ಇರಲಿ. ರೂಲಿಗೆ ಒಂದು ಮಾತು ಸೇರಿಸಿ. ನಾನು ತಪ್ಪಿಸಿಕೊಳ್ಳಬೇಕಲ್ಲ.”

ಹೀಗೆ ಹುಟ್ಟಿದ ರೂಲನ್ನು ಕೌನ್ಸಿಲಿನವರು ಒಪ್ಪಿದರು. ವಾಸದ ಬೀದಿಗಳಲ್ಲಿ ಮಾರಾಟ ಕೂಡದು. ಆದರೆ ಮನೆಯವರ ಒಪ್ಪಿಗೆಯಿಂದ ಜಗಲಿಯ ಮೇಲೆ ಕುಳಿತು ಬುಟ್ಟಿಯಲ್ಲಿಟ್ಟು ಹೂವು ಮಾರಲು ಅಡ್ಡಿಯಿಲ್ಲ. ಕೊನೆಯಲ್ಲಿ ಅಧ್ಯಕ್ಷರು ತಾವೇ ಹೇಳಿ ಬರೆಸಿದ ಒಂದು ಸಾಲು: ಮಾರುವವರು ಎದ್ದು ಹೋದಲ್ಲಿ ಆ ಮನೆಯ ಯಜಮಾನಿಯು ಎಚ್ಚರದಿಂದ ಬುಟ್ಟಿಯನ್ನು ನೋಡಿಕೊಳ್ಳತಕ್ಕದ್ದು. ಇವರು ಅದನ್ನು ಓದಿದಾಗ ನಾನು ಪೂರ್ತಿ ಎಚ್ಚರವಾಗಿಯೇ ಕೇಳಿದೆ. ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಗಂಡ ಕರೆದರೆ ಹೆಂಡತಿಗೆ ಕೇಳಿಸುವಷ್ಟು ದೂರವನ್ನು ಸರ್ಕಾರದ ಕಾಗದವೂ ಉಳಿಸಿಕೊಟ್ಟಿತಲ್ಲ, ಅದೇನು ಸಣ್ಣ ದಯೆಯೇ?

ರೂಲು ಜಾರಿಗೆ ಬಂದ ಸಂಜೆ ಓಣಿಯಿಂದ ಕೂಗು ಬಂತು. ನಂಜಮ್ಮ ಎದ್ದು ಹೋದಳು. ನಾನು ಸೆರಗು ಸರಿಮಾಡಿಕೊಂಡು ಕಾನೂನಿನ ಪ್ರಕಾರ ಬುಟ್ಟಿಯ ಪಕ್ಕದಲ್ಲಿ ಕುಳಿತೆ. ಹೊಳೆಯ ಕಡೆಯಿಂದ ಇಳಿಬಿಸಿಲು ಬೀದಿಯುದ್ದಕ್ಕೂ ಮೆಲ್ಲಗೆ ಹರಡುತ್ತಿತ್ತು. ಗೋಡೆಗಳು, ಹೊಸ್ತಿಲುಗಳು, ಧೂಳು ಕೂಡ ಹಳದಿ. ಓವರ್ಸಿಯರು ಸುಳ್ಳು ಬಳಿದಿರಲಿಲ್ಲ, ಬಹುಶಃ ಅವರು ಅಳೆಯುತ್ತಾ ಬಂದಾಗಲೂ ಇಂಥದೇ ಹೊತ್ತಾಗಿದ್ದಿರಬೇಕು ಎಂದುಕೊಂಡೆ. ಕುಳಿತಲ್ಲಿಂದಲೇ ಆ ಬೆಳಕಿನಲ್ಲಿ ನಾಲ್ಕು ಹೆಜ್ಜೆ ಹೋದೆ. ಬೀದಿಯ ತುದಿಯಲ್ಲಿ ಹೊಳೆ ನಿಜವಾಗಿ ನೀಲಿಯಾಗಿತ್ತು. ಯಾರೋ ಹತ್ತಿರ ನಿಂತು ಬೆಚ್ಚಗೆ ಉಸಿರು ಬಿಟ್ಟಂತಾಯಿತು. ಕಣ್ಣು ತೆರೆದೇ ಇತ್ತು. ನೋಡಿದರೆ ಗೌಡರ ಮನೆಯ ಬಿಳಿ ಹಸು, ಮೈಯೆಲ್ಲ ಬಂಗಾರ. ಗೋಮಾತೆ ಎಂದು ಕೈಮುಗಿದೆ. ಅದು ಶಾಂತವಾಗಿ ಮೆಲುಕು ಹಾಕುತ್ತಿತ್ತು. ಬಾಯಿಯ ಅಂಚಿನಿಂದ ಸೇವಂತಿಗೆಯ ಕೊನೆಯ ಸರ ಇಳಿಬಿದ್ದಿತ್ತು.

ನಂಜಮ್ಮ ಬಂದು, ಬುಟ್ಟಿ ನೋಡಿ, ಹಸುವನ್ನು ನೋಡಿ, ಇನ್ನೂ ಕೈಮುಗಿದೇ ಇದ್ದ ನನ್ನನ್ನು ನೋಡಿ, ಸೊಂಟಕ್ಕೆ ಕೈಯಿಟ್ಟು ನಿಂತಳು. ಅಂದಿನಿಂದ ಓಣಿಯ ಕೂಗು ಬಂದಾಗ ಅವಳು ಏಳುವ ಮುಂಚೆ ಬಾಗಿಲೊಳಕ್ಕೆ ಬಗ್ಗಿ, ಆಫೀಸಿನಿಂದ ಬಂದು ಕಾಫಿ ಕುಡಿಯುತ್ತಿರುವ ಇವರನ್ನೇ ಕರೆಯುತ್ತಾಳೆ: “ಸಾ, ವಸಿ ಈಚೆ ಬನ್ನಿ. ಬುಟ್ಟಿ ನೋಡ್ಕಳಿ. ಅಂಗೇ ಅವ್ವಾರ ಕಡೇನೂ ಒಂದು ಕಣ್ಣಿಟ್ಟಿರಿ.”