ಕೆಂಪು ದಾರ ಮತ್ತು ಅಳಿಯನ ನಮಸ್ಕಾರ

ಬೇರೆಯವರ ಅಂಗಡಿಗೆ ಗಿರಾಕಿಗಳು ಬರುತ್ತಾರೆ, ನನ್ನ ಅಂಗಡಿಗೆ ಫಜೀತಿಗಳು ಬರುತ್ತವೆ. ಬೀದರಿನ ಕೊಳಾರದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಲೇ ನನ್ನ ತಲೆ ಬೆಳ್ಳಗಾಯಿತು. ಬಂದ ಫಜೀತಿಗಳೆಲ್ಲ ತಮ್ಮ ಚಕ್ರದ ಮೇಲೆ ತಾವೇ ಉರುಳಿಕೊಂಡು ಬಂದವು. ಒಂದು ಮಾತ್ರ ಲಾರಿಯಲ್ಲಿ ಮಲಗಿಕೊಂಡು ಬಂತು.

ಮೊದಲು ನೀರು

ಮಳೆ ಕೈಕೊಟ್ಟ ವರ್ಷಗಳವು. ಉಳುಮೆ ಇಲ್ಲದ ಮೇಲೆ ಟ್ರ್ಯಾಕ್ಟರ್ ಯಾಕೆ ಕೆಡಬೇಕು? ನಾನು ಅಂಗಡಿ ತೆಗೆದು, ಕಸ ಗುಡಿಸಿ, ಮತ್ತೆ ಮುಚ್ಚುತ್ತಿದ್ದೆ. ಮಗಳನ್ನು ಔರಾದ ಕಡೆ ಡಾಬಕಾಕ್ಕೆ ಕೊಟ್ಟಿದ್ದೆ. ಅಳಿಯ ಟ್ರ್ಯಾಕ್ಟರ್ ಡ್ರೈವರ್. ಅವರ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು, ಜನ ಪುಣೆ, ಹೈದರಾಬಾದ್ ಅಂತ ಹೊರಟುಹೋಗಿದ್ದರು. ಇವರಿಬ್ಬರೂ ಪುಣೆಗೆ ಹೊರಟವರು, ಹೇಳಿ ಹೋಗೋಣವೆಂದು ನಮ್ಮ ಮನೆಗೆ ಬಂದು ಇಳಿದಿದ್ದರು. ಅಂಗಡಿಯ ಹಿಂದೆಯೇ ನಮ್ಮ ಮನೆ. ಪಡಸಾಲೆಯಲ್ಲಿ ಅವರ ಗಂಟು ಕೂತಿತ್ತು. ಅದನ್ನು ನೋಡಿದರೆ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಬೀದರಿನ ಒಬ್ಬ ಗುತ್ತೇದಾರ ನನ್ನ ಅಂಗಡಿಯ ಮುಂದೆ ಒಂದು ದೋಣಿ ಇಳಿಸಿದ. ಭಾಲ್ಕಿ ಕಡೆಯ ಕಾರಂಜಾ ಅಣೆಕಟ್ಟಿನ ಹಿನ್ನೀರಿನಲ್ಲಿ ದೋಣಿ ಆಟ ಆಡಿಸಲು ಅವನಿಗೆ ಪರವಾನಗಿ ಸಿಕ್ಕಿತ್ತು. ದೋಣಿ ಒಂದು ಕಡೆ ಕೊಂಡಿದ್ದ, ಹಿಂದೆ ತೂಗುಹಾಕುವ ಇಂಜಿನ್ನು ಇನ್ನೊಂದು ಕಡೆ ಕೊಂಡಿದ್ದ. ಎರಡನ್ನೂ ಕೂಡಿಸುವ ಲಿವರು, ಮೀಟರು, ಕೇಬಲ್ಲುಗಳನ್ನು ನಾನು ಆರಿಸಿ ಜೋಡಿಸಬೇಕಂತೆ. ದೋಣಿಯ ಡ್ರೈವರ್ ಕೆಲಸ ನಮ್ಮ ಅಳಿಯನಿಗೆ ಕೊಟ್ಟರೆ ಮಾಡುತ್ತೇನೆ ಅಂದೆ. ನೋಡೋಣ ಅಂದ.

ಇದರಿಂದ ಏನು ಮಾಡುತ್ತಾರೆ ಎಂದು ಮನೆಯವಳು ಕೇಳಿದಳು. ಒಬ್ಬ ಮನುಷ್ಯ ಕಾಲಿಗೆ ಹಲಗೆ ಕಟ್ಟಿಕೊಂಡು ಹಗ್ಗ ಹಿಡಿಯುತ್ತಾನೆ, ದೋಣಿ ಅವನನ್ನು ನೀರಿನ ಮೇಲೆ ಎಳೆದುಕೊಂಡು ಹೋಗುತ್ತದೆ ಎಂದು ವಿವರಿಸಿದೆ. ಅವಳು ಸ್ವಲ್ಪ ಯೋಚಿಸಿ, "ಪಾಪ, ಏನು ತಪ್ಪು ಮಾಡ್ಯಾನ್ರಿ ಅವ?" ಅಂದಳು.

ಎದುರಿಗೆ ಟ್ಯಾಂಕರಿಗಾಗಿ ಕೊಡಗಳ ಸಾಲು ಬೆಳಗಿನಿಂದ ನಿಂತಿತ್ತು. ಆ ಸಾಲಿನ ಒಬ್ಬ ಅಜ್ಜಿ ದೋಣಿಯನ್ನು ಒಂದು ಸುತ್ತು ಹಾಕಿ ನೋಡಿ ಗುತ್ತೇದಾರನಿಗೆ ಹೇಳಿದಳು: "ದೋಣಿ ಛಲೋ ಅದರೀಪಾ. ನೀರಿನ ಲಾರಿ ಹಿಂದ ಬರಾಕತ್ತದೇನು?"

ನಿಂತಲ್ಲೇ ಓಟ

ಹೊಳೆಯುವ ಮೀಟರುಗಳ ಚಿತ್ರ ನೋಡಿ ಗುತ್ತೇದಾರನಿಗೆ ಎಲ್ಲವೂ ಬೇಕೆನಿಸಿತು. ಡ್ರೈವರನ ಮುಂದಿನ ಹಲಗೆಯಲ್ಲಿ ಜಾಗ ಇರುವುದೇ ನಾಲ್ಕಕ್ಕೆ ಅಂದೆ. ಇಂಜಿನ್ನಿನ ಸುತ್ತು, ವೇಗ, ಎಣ್ಣೆ, ಬ್ಯಾಟರಿ, ಇಷ್ಟು ಸಾಕು. ಹಿಂದೆ ಒಬ್ಬನನ್ನು ಎಳೆಯುವಾಗ ವೇಗ ಏರುಪೇರಾದರೆ ಅವನು ಮುಗ್ಗರಿಸುತ್ತಾನೆ, ಆದ್ದರಿಂದ ವೇಗದ್ದು ಮಾತ್ರ ಒಳ್ಳೆಯದು ತರಿಸಿ ಎಂದು ಒತ್ತಿ ಹೇಳಿದೆ.

ಅಳಿಯ ಮೆಲ್ಲಗೆ ಕೇಳಿದ, "ಮಾವಾರ, ಕೆಳಗ ನೀರು ಎಷ್ಟದ ಅಂತ ತೋರಸೋ ಮೀಟರ್ ಇಲ್ಲೇನ್ರಿ?" ಆ ವರ್ಷ ಅದಕ್ಕಿಂತ ಬುದ್ಧಿವಂತ ಪ್ರಶ್ನೆ ಯಾರೂ ಕೇಳಿರಲಿಲ್ಲ. ಆದರೆ ಗುತ್ತೇದಾರ ತನ್ನ ನೀರಿನ ಬಗ್ಗೆಯೇ ಅನುಮಾನವೇ ಎಂದು ಮುಖ ಊದಿಸಿಕೊಂಡ.

ದೋಣಿಯ ವೇಗದ ಮೀಟರಿಗೆ ಚಕ್ರದ ಹಂಗಿಲ್ಲ. ಹಿಂದೆ ಒಂದು ಸಣ್ಣ ನಳಿಗೆ ನೀರಿನಲ್ಲಿ ಇಳಿಬಿದ್ದಿರುತ್ತದೆ, ನೀರು ಅದರೊಳಗೆ ಒತ್ತಿದಷ್ಟೂ ಮುಳ್ಳು ಏರುತ್ತದೆ. ಮೀಟರು ಬಂದ ದಿನ ಅಳಿಯ ಆ ನಳಿಗೆಯಲ್ಲಿ ಧೂಳು ಕಂಡು, ಬಾಯಿಟ್ಟು ಜೋರಾಗಿ ಊದಿದ. ಅದೇ ಹೊತ್ತಿಗೆ ಗುತ್ತೇದಾರ ಮುಂದುಗಡೆ ಮೀಟರು ನೋಡುತ್ತ ನಿಂತಿದ್ದ. ಮುಳ್ಳು ಸೊನ್ನೆ ಬಿಟ್ಟು ಮೇಲೆದ್ದಿತು. ಇಂಜಿನ್ನು ಇನ್ನೂ ಗೋಣಿಚೀಲದಲ್ಲಿತ್ತು.

ಅವನು ದೋಣಿಯನ್ನೂ ನೆಲವನ್ನೂ ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಮಿಸ್ತ್ರಿ, ಇಂಜಿನ್ನಿಲ್ಲದ ಇಷ್ಟು ಓಡ್ತದಂದ್ರ, ಆ ಇಂಜಿನ್ನು ವಾಪಸ್ ಕೊಟ್ಟರ ಹ್ಯಾಂಗ?" ಅಂದ.

ಸೀರೆ

ಕೇಬಲ್ಲಿನ ವಿಷಯಕ್ಕೆ ಬಂದಾಗ ಗುತ್ತೇದಾರ ನನ್ನ ಮಾತೇ ಕೇಳಲಿಲ್ಲ. ಲಿವರಿನಿಂದ ಹೊರಟ ಕೇಬಲ್ಲು ದೋಣಿಯ ಅಂಚು ಹಿಡಿದು ಹೋಗಬೇಕು, ಹಿಂದೆ ದೊಡ್ಡದಾಗಿ ಬಾಗಬೇಕು, ಇಂಜಿನ್ನು ಆ ಕಡೆ ಈ ಕಡೆ ತಿರುಗಲು ಸ್ವಲ್ಪ ಸಡಿಲವೂ ಇರಬೇಕು ಎಂದು ಹೇಳಿದೆ. ಅಷ್ಟು ಸುತ್ತು ಯಾಕೆ ಅಂತ ಅವನು ತಾನೇ ಟೇಪು ಹಿಡಿದು, ಲಿವರಿನಿಂದ ಇಂಜಿನ್ನಿಗೆ ನಡುಮಧ್ಯೆ ಗೆರೆ ಎಳೆದಂತೆ ಅಳತೆ ತೆಗೆದು, ಅಷ್ಟೇ ಉದ್ದದ ಕೇಬಲ್ಲು ತರಿಸಿದ.

ಬಂತು. ಜೋಡಿಸಿದೆ. ದೋಣಿಯ ನಡುವೆ ಎದೆಯ ಮಟ್ಟಕ್ಕೆ ಬಿಗಿಯಾಗಿ ನಿಂತಿತು. ದಾಟಬೇಕಾದವರು ಬಗ್ಗಿ ದಾಟಬೇಕು. ಮರುದಿನ ಗುತ್ತೇದಾರ ಬರುವ ಹೊತ್ತಿಗೆ ನಮ್ಮ ಮನೆಯವಳು ಆ ಕೇಬಲ್ಲಿನ ಮೇಲೆ ತನ್ನ ಹಸಿರು ಸೀರೆ ಒಣಹಾಕಿದ್ದಳು. ಪಕ್ಕದ ಮನೆಯಾಕೆ ತನ್ನ ಬಕೆಟ್ ಹಿಡಿದು ಸರದಿ ಕಾಯುತ್ತಿದ್ದಳು.

ಅವನು ಜೇಬಿನಿಂದ ಚೀಟಿ ತೆಗೆದ. "ಎಷ್ಟು ಉದ್ದ ಅಂದಿದ್ದಿ, ಮಿಸ್ತ್ರಿ?" ಎಂದು ಕೇಳಿದ. ಹೇಳಿದೆ. ಬರೆದುಕೊಂಡು ಹೋದ. ಹಳೆಯ ಕೇಬಲ್ಲನ್ನು ಮನೆಯವಳು ಇಂದಿಗೂ ಬಿಟ್ಟುಕೊಟ್ಟಿಲ್ಲ.

ದೊಡ್ಡವರು ಬಂದರೆ

ಲಿವರಿನ ಪಕ್ಕದಲ್ಲಿ ಸುರುಳಿಯಾದ ಒಂದು ಕೆಂಪು ದಾರ ಬರುತ್ತದೆ. ಒಂದು ತುದಿ ಇಂಜಿನ್ನು ನಿಲ್ಲಿಸುವ ಗುಂಡಿಗೆ, ಇನ್ನೊಂದು ತುದಿ ಡ್ರೈವರನ ಮೈಗೆ. ಅವನು ನೀರಿಗೆ ಬಿದ್ದರೆ ದಾರ ಕಿತ್ತುಕೊಂಡು ಇಂಜಿನ್ನು ತಾನೇ ನಿಲ್ಲುತ್ತದೆ. ಅದು ದಂಡದ ಖರ್ಚು ಅಂತ ಗುತ್ತೇದಾರ, ಇಲ್ಲದಿದ್ದರೆ ಅಳಿಯನನ್ನು ಹತ್ತಿಸುವುದೇ ಇಲ್ಲ ಅಂತ ನಾನು. ಕೊನೆಗೆ ಮನೆಯವಳು ಬಂದು, ದೃಷ್ಟಿಗೆ ಒಳ್ಳೆಯದು ಎಂದು ಅದನ್ನು ಅಳಿಯನ ಬಲಗೈಗೆ ಕಟ್ಟಿಬಿಟ್ಟಳು. ಅಲ್ಲಿಗೆ ವಾದ ಮುಗಿಯಿತು.

ಇಂಜಿನ್ನಿನ ಕೆಳಭಾಗ ನೀರಿನಲ್ಲಿದ್ದರೆ ಮಾತ್ರ ಅದನ್ನು ಚಾಲೂ ಮಾಡಬಹುದು. ಟ್ಯಾಂಕರಿನವನನ್ನು ಕಾಡಿ ಬೇಡಿ ಒಂದು ಡ್ರಮ್ ನೀರು ತುಂಬಿಸಿ ಅದರಲ್ಲಿ ಇಳಿಬಿಟ್ಟೆವು. ಅಳಿಯ ಡ್ರೈವರನ ಸೀಟಿನಲ್ಲಿ ಕೂತ. ಇಂಜಿನ್ನು ಗುಡುಗಿತು. ಆಗ ಗುತ್ತೇದಾರ ಬಂದ. ಅಳಿಯ ಎದ್ದು ನಿಂತು ಎರಡೂ ಕೈ ಎತ್ತಿ ನಮಸ್ಕಾರ ಮಾಡಿದ. ದಾರ ಗುಂಡಿಯಿಂದ ಕಿತ್ತು ಬಂತು, ಇಂಜಿನ್ನು ನಿಂತಿತು.

ನಮ್ಮ ಅಳಿಯನ ಸ್ವಭಾವವೇ ಹಾಗೆ. ಟ್ರ್ಯಾಕ್ಟರ್ ಮೇಲಿದ್ದರೂ ಹಿರಿಯರು ಕಂಡರೆ ನಿಲ್ಲಿಸಿ, ಇಳಿದು, ಕೈಮುಗಿದು ಮುಂದೆ ಹೋಗುತ್ತಾನೆ. ಮತ್ತೆ ಚಾಲೂ ಮಾಡಿದೆವು. ಟ್ಯಾಂಕರಿನವ ನೋಡಲು ಬಂದ. ನಮಸ್ಕಾರ. ನಿಂತಿತು. ಇನ್ನೊಮ್ಮೆ ಮಾಡಿದೆವು. ಕೊಡದ ಸಾಲಿನ ಅಜ್ಜಿ ಬಂದಳು. ಮತ್ತೆ ನಿಂತಿತು.

ಅಳಿಯನಿಗೆ ಬೈಯುವ ಹಾಗಿಲ್ಲ. ಮಗಳ ಕೈಲಿ ಹೇಳಿಸಿದೆ. ಅವನಿಗೆ ನಿಜಕ್ಕೂ ಬೇಸರವಾಯಿತು. "ದೊಡ್ಡೋರು ಬಂದ್ರ ಕುಂತೇ ಇರ್ಲೇನು? ಮಾವಾರು ಏನು ತಿಳಕೋಬೇಕು?" ಎಂದನಂತೆ.

ಗುತ್ತೇದಾರ ಮಾತ್ರ ಖಡಕ್ಕಾಗಿ ಹೇಳಿದ: ಉದ್ಘಾಟನೆಯ ದಿನ ದೊಡ್ಡ ಸಾಹೇಬರು ಬರುತ್ತಾರೆ, ಅವರ ಮುಂದೆ ದೋಣಿ ನಡುವೆ ಒಮ್ಮೆ ನಿಂತರೂ ಬೇರೆ ಡ್ರೈವರನನ್ನು ಹೈದರಾಬಾದಿನಿಂದ ತರಿಸುತ್ತೇನೆ. ಮಗಳು ಪಡಸಾಲೆಯ ಗಂಟನ್ನು ಇನ್ನೊಂದು ಸುತ್ತು ಬಿಗಿದಳು.

ಸಾಹೇಬರ ಜೀಪು

ಉದ್ಘಾಟನೆಯ ದಿನ ಹಿನ್ನೀರು ತುಂಬ ಹಿಂದೆ ಸರಿದಿತ್ತು. ಶಾಮಿಯಾನವನ್ನೂ ಅದರ ಹಿಂದೆಯೇ ಕೆಸರಿನ ಅಂಚಿನವರೆಗೆ ಹೊತ್ತು ತಂದಿದ್ದರು. ಪೂಜೆಗೆ ಬಂದ ಸ್ವಾಮಿಗಳು ಲಿಂಬೆಹಣ್ಣು ಹಿಡಿದು, ಇದರ ಗಾಲಿ ಎಲ್ಲಿ ಎಂದು ದೋಣಿಯ ಸುತ್ತ ಹುಡುಕಿದರು. ಸಿಗದಿದ್ದಾಗ ಲಿಂಬೆಹಣ್ಣು ಮೂಸಿ ಚೀಲಕ್ಕೆ ಹಾಕಿಕೊಂಡು, ದಪ್ಪನೆಯ ಚೆಂಡುಹೂವಿನ ಮಾಲೆಯೊಂದನ್ನು ಲಿವರಿಗೆ ಸುತ್ತಿದರು.

ಸಾಹೇಬರು ತಡ ಮಾಡಿದರು. ಒಂದು ಸುತ್ತು ತೋರಿಸಿಬಿಡೋಣ ಎಂದು ಗುತ್ತೇದಾರ ಅವಸರ ಮಾಡಿದ. ಹೈದರಾಬಾದಿನಿಂದ ಬಂದ ಆಟಗಾರ ಹಲಗೆ ಕಟ್ಟಿಕೊಂಡು ಹಗ್ಗ ಹಿಡಿದ. ಅಳಿಯ ಲಿವರ್ ಮುಂದಕ್ಕೆ ನೂಕಿದ. ಆಟಗಾರ ನೀರಿನ ಮೇಲೆ ಎದ್ದು ನಿಂತ, ಜನ ಚಪ್ಪಾಳೆ ತಟ್ಟಿದರು. ನನ್ನ ಮೀಟರು, ನನ್ನ ಕೇಬಲ್ಲು, ನನ್ನ ಅಳಿಯ ಎಂದು ನನಗೂ ಎದೆ ಉಬ್ಬಿತು.

ದೋಣಿ ತಿರುಗಿ ದಡದ ಕಡೆ ಬಂತು. ವೇಗ ಮಾತ್ರ ಇಳಿಯಲಿಲ್ಲ. ಅಳಿಯ ಎರಡೂ ಕೈಯಿಂದ ಲಿವರ್ ಜಗ್ಗುತ್ತಿದ್ದ. ಚೆಂಡುಹೂವಿನ ಮಾಲೆ ಅದರ ಬುಡಕ್ಕೆ ಸಿಕ್ಕಿಕೊಂಡು ಕಚ್ಚಿಬಿಟ್ಟಿತ್ತು. ಆಟಗಾರ ಹಗ್ಗ ಬಿಟ್ಟು ನೀರಿಗೆ ಬಿದ್ದ, ನೀರು ಸೊಂಟದವರೆಗೇ ಇದ್ದದ್ದರಿಂದ ಎದ್ದು ನಿಂತುಕೊಂಡು ನೋಡತೊಡಗಿದ. ಶಾಮಿಯಾನದವರು ಕುರ್ಚಿ ಬಿಟ್ಟು ಓಡಿದರು. ದಾರ ಕೀಳ್ರಿ, ದಾರ ಕೀಳ್ರಿ ಎಂದು ನಾನು ಒದರಿದ್ದು ಇಂಜಿನ್ನಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಮಗಳು ನನ್ನ ತೋಳು ಹಿಡಿದುಕೊಂಡಳು. ಕೆಲಸ ಹೋಗಲಿ, ಪುಣೆಗಾದರೂ ಹೋಗಲಿ, ಹುಡುಗ ಉಳಿಯಲಿ ಎಂದು ಬೇಡಿಕೊಂಡೆ. ಅಷ್ಟು ಹೆದರಿದ್ದು ಜನ್ಮದಲ್ಲಿ ಇಲ್ಲ.

ಅದೇ ಕ್ಷಣಕ್ಕೆ ಸಾಹೇಬರ ಜೀಪು ಬಂದು ನಿಂತಿತು. ಸಾಹೇಬರು ಇಳಿದರು.

ಅಳಿಯ ಅವರನ್ನು ಕಂಡ. ಲಿವರನ್ನೂ ಬಿಟ್ಟ, ಸ್ಟೇರಿಂಗನ್ನೂ ಬಿಟ್ಟ, ಎದ್ದು ನಿಂತು ಎರಡೂ ಕೈ ಎತ್ತಿ ನಮಸ್ಕಾರ ಮಾಡಿದ.

ದಾರ ಕಿತ್ತು ಬಂತು. ಇಂಜಿನ್ನು ಸತ್ತಿತು. ದೋಣಿ ಮುಗ್ಗರಿಸಿ, ಕೆಸರಿನ ಮೇಲೆ ಮೆತ್ತಗೆ ಜಾರಿ, ಮೊದಲ ಸಾಲಿನ ಕುರ್ಚಿಗಳ ಮುಂದೆ ಬಂದು ಕೂತಿತು. ಅಳಿಯ ಇನ್ನೂ ಕೈಮುಗಿದೇ ನಿಂತಿದ್ದ.

ಸಾಹೇಬರು ಬಹಳ ಸಂತೋಷದಿಂದ ತಿರುಗಿ ನಮಸ್ಕಾರ ಮಾಡಿದರು. ಇದೇ ಸ್ವಾಗತದ ಕಾರ್ಯಕ್ರಮ ಎಂದುಕೊಂಡಿದ್ದರು. "ಇಷ್ಟು ಶಿಸ್ತಿನ ಡ್ರೈವರ್ ಎಲ್ಲಿ ಸಿಕ್ಕಾನ್ರಿ ನಿಮಗ? ಇವನ್ನ ಬಿಡಬ್ಯಾಡ್ರಿ," ಎಂದು ಗುತ್ತೇದಾರನ ಬೆನ್ನು ತಟ್ಟಿದರು. ಬಿಡುವುದೇ ಇಲ್ಲ ಎಂದು ಗುತ್ತೇದಾರ ಎಲ್ಲರ ಮುಂದೆ ಮಾತು ಕೊಡಬೇಕಾಯಿತು. ಮಗಳು ನನ್ನ ತೋಳು ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಸಂಜೆಯೇ ಗಂಟು ಬಿಚ್ಚಿದಳು.

ಹೂವಿನ ಮಾಲೆ ಕತ್ತರಿಸಿ ತೆಗೆದೆವು. ಜನ ದೋಣಿಯನ್ನು ಮತ್ತೆ ನೀರಿಗೆ ನೂಕಿದರು. ಸಾಹೇಬರು ಹತ್ತಿ ಕೂತರು, ಗುತ್ತೇದಾರನೂ ಹತ್ತಿದ. ಅಳಿಯ ಕೆಂಪು ದಾರ ಸಿಕ್ಕಿಸಿ ಇಂಜಿನ್ನು ಚಾಲೂ ಮಾಡಿದ. ಮೊಣಕಾಲು ನೀರಿನಲ್ಲಿ ನಿಂತಿದ್ದ ನನಗೆ ಏನಾಯಿತೋ. ಮಾವನಾದವನು ಮಾಡಬಾರದು ಎಂಬುದೂ ಮರೆತು ಅಳಿಯನಿಗೆ ಕೈಮುಗಿದುಬಿಟ್ಟೆ.

ಅವನು ಗಾಬರಿಯಾಗಿ, "ಅಯ್ಯೋ ಮಾವಾರ, ನೀವ್ಯಾಕ್ರಿ," ಎನ್ನುತ್ತ ಎದ್ದು ನಿಂತು ಎರಡೂ ಕೈ ಎತ್ತಿದ.

ಇಂಜಿನ್ನು ನಿಂತಿತು.