ಬೀಗರ ಡಬ್ಬಿಗೆ ಎರಡು ಪ್ಯಾಕು

ಜೋಗ್ಜಾ ಊರಿನ ನಮ್ಮ ಓಣಿಯಲ್ಲಿ ಇನ್ನು ಮುಂದೆ ಯಾರ ಮನೆಯೊಳಗೂ ಸಿಗರೇಟು ಸೇದಕೂಡದು, ಸಮಾರಂಭಕ್ಕೆ ಬಂದವರಿಗೆ ತಟ್ಟೆಯಲ್ಲಿಟ್ಟು ಕೊಡಲೂ ಕೂಡದು ಎಂದು ಹೆಂಗಸರ ಸಂಘ ರಾಜಾಜ್ಞೆ ಹೊರಡಿಸಿತು. ಓಣಿಯ ಮುಖಂಡನಾದ ನಾನೇ ಮನೆಮನೆಗೂ ಚೀಟಿ ಅಂಟಿಸಿದೆ. (ಸಂಘದ ಅಧ್ಯಕ್ಷೆ ನನ್ನ ಹೆಂಡತಿ ಪೊನಿಯೆಂ. ಬೇರೆ ದಾರಿಯಿತ್ತೇ?) ನನ್ನ ಧೂಮಯಜ್ಞವನ್ನು ಗೇಟಿನಾಚೆಗೆ ಸಾಗಿಸಿದ್ದೂ ಆಯಿತು.

ಸಂಕಟ ಶುರುವಾದದ್ದು ಮೊಮ್ಮಗನ ಮೂವತ್ತೈದನೇ ದಿನದ ಕೆಂದೂರಿಗೆ, ಅಂದರೆ ನೆರೆಹೊರೆಯ ಗಂಡಸರನ್ನು ಕರೆದು ಮಾಡುವ ಹರಕೆಯ ಪ್ರಾರ್ಥನೆಗೆ.

"ಗಂಡಸ್ರೆಲ್ಲ ಚಾಪೆ ಮೇಲೆ ಕೂತಾಗ ಸಿಗರೇಟಿನ ತಟ್ಟೆ ಇಲ್ಲ ಅಂದ್ರೆ ಬೀಗರು ಏನಂದ್ಕೋತಾರೆ? ಬರೀ ಕಡಲೆಕಾಯಿ ಇಟ್ಟ ಜಿಪುಣ ಅಂತಾರೆ" ಎಂದೆ.

"ಅನ್ಲಿ ಬಿಡ್ರಿ. ಕೂಸಿನ ಎದೆ ಗೊರಗೊರ ಅನ್ನೋದು ಕೇಳ್ಸಲ್ವಾ ನಿಮ್ಗೆ?" ಎಂದಳು ಪೊನಿಯೆಂ.

ಬಾಣಂತನಕ್ಕೆ ಬಂದಿದ್ದ ಮಗಳು ವೆನಿಂಗ್ ಮಗುವನ್ನು ತಟ್ಟುತ್ತಲೇ ಹೇಳಿದಳು: "ಅಪ್ಪಾ, ನೀವು ಯಾರಿಗಾದ್ರೂ ಒಂದು ಸಿಗರೇಟು ಕೊಟ್ಟಿದ್ದು ಗೊತ್ತಾದ್ರೂ ಮಗೂನ ಎತ್ಕೊಂಡು ಅತ್ತೆ ಮನೆಗೆ ಹೋಗ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ."

ನನಗೆ ಮೊಮ್ಮಗನೂ ಬೇಕು, ಮಾನವೂ ಬೇಕು. ಆಗ ನನ್ನ ಮಹಾಮಸ್ತಿಷ್ಕ ಬೆಳಗಿತು. ಕೆಂದೂರಿಯಲ್ಲಿ ಯಾರೂ ಕೂತು ಉಣ್ಣುವುದಿಲ್ಲ, ಪ್ರಾರ್ಥನೆ ಮುಗಿಸಿ ಊಟದ ಡಬ್ಬಿ ಹಿಡಿದು ಹೊರಡುತ್ತಾರೆ. ಅಡುಗೆಮನೆ ಖಾಲಿಯಿದ್ದಾಗ ನುಗ್ಗಿ, ಪ್ರತಿ ಡಬ್ಬಿಯಲ್ಲೂ ಬಾಳೆಲೆಯ ಕೆಳಗೆ ಒಂದೊಂದು ಪ್ಯಾಕು ತೂರಿಸಿದೆ. ಬೀಗರಾದ ಜುಮಾದಿಯವರ ಡಬ್ಬಿಗೆ ಎರಡು. ತೆರೆದಾಗ ಹಿಗ್ಗಲಿ ಎಂದು ಯಾರ ಮುಂದೆಯೂ ಬಾಯಿಬಿಡಲಿಲ್ಲ.

ನಮ್ಮ ಕಡೆ ಗಂಡಸರು ಡಬ್ಬಿಯನ್ನು ಹೊಸ್ತಿಲಲ್ಲೇ ಹೆಂಡತಿಯ ಕೈಗೆ ಕೊಡುತ್ತಾರೆ. ತೆರೆಯುವುದು ಅವಳೇ. ಇಷ್ಟು ವರ್ಷ ನಾನೂ ಹಾಗೇ ಕೊಟ್ಟವನು, ಆ ಹೊತ್ತಿಗೆ ಮಾತ್ರ ಹೊಳೆಯಲಿಲ್ಲ ನೋಡಿ.

ಚಾಪೆ ಸುತ್ತುವಷ್ಟರಲ್ಲಿ ಅಂಗಳದ ತುಂಬ ಹೆಂಗಸರು. ಎಲ್ಲರ ಕೈಯಲ್ಲೂ ತೆಂಗಿನಕಾಯಿ ಪಲ್ಯ ಮೆತ್ತಿದ ಪ್ಯಾಕು. ಹಿಂದೆ ಅವರ ಗಂಡಂದಿರು, ಏನೂ ಅರಿಯದ ಸಂಭಾವಿತರು.

"ಚೀಟಿ ಅಂಟ್ಸಿದ ಕೈನೇ ಅಲ್ವಾ ಇದು?" ಎಂದಳು ಪೊನಿಯೆಂ.

ಬೀಗಿತ್ತಿ ಎರಡು ಪ್ಯಾಕುಗಳನ್ನು ನನ್ನ ಮುಂದಿಟ್ಟರು. "ಬೀಗರೇ, ನಮ್ಮನೆಯವ್ರು ಮೊಮ್ಮಗ ಹುಟ್ಟಿದ ದಿನಾನೇ ಸೇದೋದು ಬಿಟ್ರು. ನಿದ್ದೆ ಇಲ್ದೆ ಒದ್ದಾಡ್ಕೊಂಡು ಬಿಟ್ಟಿದ್ದಾರೆ. ನೀವು ನೋಡಿದ್ರೆ ಹೀಗೆ ಮಾಡ್ಬಿಟ್ರಲ್ಲ."

ನಿಜಕ್ಕೂ ನಾಚಿಕೆಯಾಯಿತು. ತಲೆ ಎತ್ತಿದಾಗ ವೆನಿಂಗ್ ಮಗುವಿನ ಬಟ್ಟೆ ಮಡಚುತ್ತಿದ್ದಳು.

ಮೊಮ್ಮಗ ಈಗ ಬೀಗರ ಮನೆಯಲ್ಲಿದ್ದಾನೆ. ಸಂಜೆ ನೋಡಲು ಹೋದರೆ ಜುಮಾದಿಯವರು ಬಾಗಿಲಲ್ಲೇ ನಿಲ್ಲಿಸಿ ನನ್ನ ಅಂಗಿ ಮೂಸುತ್ತಾರೆ, ಆಮೇಲೆ ಬೆರಳು. ನಿನ್ನೆ ಬಹಳ ಹೊತ್ತು ಮೂಸಿ, "ಸ್ನಾನ ಮಾಡ್ಕೊಂಡು ನಾಳೆ ಬನ್ನಿ ಬೀಗರೇ" ಎಂದು ಬಾಗಿಲು ಹಾಕಿಕೊಂಡರು.