ಮೂರು ಸಲ ಕೂಗಲಾಯಿತು

ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ತಾಲ್ಲೂಕು ಕಚೇರಿ ಗುಮಾಸ್ತನ ಕೋಪಕ್ಕೆ ಅಷ್ಟು ಯೋಗ್ಯತೆಯೂ ಇಲ್ಲ. ಅದು ಹೆಂಡತಿಯ ಮುಂದೆ ಹುಟ್ಟಿ ಶಿರಸ್ತೇದಾರರ ಮುಂದೆ ಸಾಯುತ್ತದೆ. ಹುಣಸೂರಿನಲ್ಲಿ ಹನ್ನೊಂದು ವರ್ಷ ತಗ್ಗಿಸಿದ ತಲೆ ಎತ್ತದೆ ಕಾಗದ ಬರೆದುಕೊಂಡಿದ್ದ ನಾನು ಹೋದ ವರ್ಷವೆಲ್ಲ ಉರಿದುಕೊಂಡೇ ಇದ್ದೆ. ಉರಿ ಈಗಲೂ ಆರಿಲ್ಲ. ಯಾರ ಮೇಲೆ ಎಂಬುದು ಮಾತ್ರ ಬದಲಾಗಿದೆ.

ನನ್ನ ಮಗಳು ಗೌರಿಗೆ ಐದು ತುಂಬಿದರೂ ಮಾತು ಬರಲಿಲ್ಲ. ಮೈಸೂರಿನ ಡಾಕ್ಟರೊಬ್ಬರು ಅವಳ ಬೆನ್ನ ಹಿಂದೆ ಹಿತ್ತಾಳೆಯ ಗಂಟೆ ಬಾರಿಸಿದರು. ಅವಳು ತಿರುಗಲಿಲ್ಲ. "ನಾಲಗೆಗೆ ಏನೂ ಆಗಿಲ್ಲ. ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ, ಅದಕ್ಕೇ ಮಾತಿಲ್ಲ. ಇದಕ್ಕೆ ಔಷಧಿ ಇಲ್ಲ, ಪಾಠ ಇದೆ" ಎಂದರು. ಇಂಥ ಮಕ್ಕಳಿಗೇ ಅಕ್ಷರ ಕಲಿಸುವ ಮೇಷ್ಟರೊಬ್ಬರು ಆ ಊರಿನಲ್ಲೇ ಇದ್ದಾರೆ, ಆರು ತುಂಬುವುದರೊಳಗೆ ಸೇರಿಸಿ, ತಡವಾದಷ್ಟೂ ಕಷ್ಟ ಎಂದೂ ಹೇಳಿದರು. ಮೋಟಾರಿನಲ್ಲಿ ಬಿಳಿಕೆರೆ ದಾಟುವವರೆಗೆ ನಾನೂ ನನ್ನ ಹೆಂಡತಿ ನಂಜಮ್ಮನೂ ಮಗುವಿನ ನೆತ್ತಿಯನ್ನೇ ನೋಡುತ್ತ ಕೂತಿದ್ದೆವು. ಗೌರಿ ಮಾತ್ರ ಕಿಟಕಿಯಲ್ಲಿ ಕಂಡ ಎಮ್ಮೆಗಳಿಗೆಲ್ಲ ಕೈ ಬೀಸಿಕೊಂಡು ಬಂದಳು.

ಊರಿಗೆ ಬಂದ ಮೇಲೆ ಮಾತಿಗೆ ಬರವಿರಲಿಲ್ಲ. ನಮ್ಮವ್ವ, "ಡಾಕ್ಟ್ರು ಏನ್ ಕಂಡವ್ರೆ ಬುಡ್ಲಾ, ನೀನೂ ನಿಧಾನ್ವಾಗೇ ಮಾತಾಡ್ದೋನು" ಎಂದಳು. ಪಿರಿಯಾಪಟ್ಟಣದ ಪಂಡಿತರೊಬ್ಬರು ಕಿವಿಗೆ ಅದೇನೋ ಎಣ್ಣೆ ಹೊಯ್ದು, ಮಗು ಹೊರಳಾಡಿ ಅತ್ತಾಗ, "ನೋಡಿ, ದನಿ ಹೊರಡ್ತು" ಎಂದು ಹಿಗ್ಗಿದರು. ಅವರ ಕಿವಿಗೇ ಆ ಎಣ್ಣೆ ಹೊಯ್ಯಬೇಕೆನಿಸಿತು. ಎಲ್ಲಕ್ಕಿಂತ ಮಿಗಿಲು, ಕೃಷ್ಣರಾಜನಗರದ ನಮ್ಮ ಸೋದರಮಾವ. ಬಂದವರೇ ಎಲೆಯಡಿಕೆ ಹಾಕಿಕೊಂಡು, "ಎಣ್ಮಗ ತಾನೆ? ಮಾತಾಡ್ದಿದ್ರೆ ಕಟ್ಕಂಡೋನ್ಗೆ ಸುಖ ಬುಡು ಕಣ್ಲಾ" ಎಂದು ನಕ್ಕರು. ಮಾತನ್ನು ಹಂಚುವಾಗ ದೇವರ ಕೈ ಎಲ್ಲಿ ಜಾರಿತೆಂದು ನನಗೆ ಆಗ ತಿಳಿಯಿತು. ನಂಜಮ್ಮ ಎದ್ದು ಒಳಗೆ ಹೋದಳು. ಮಾವನಿಗೆ ಆ ದಿನ ಎರಡನೆಯ ಸಲ ಸಾರು ಸಿಗಲಿಲ್ಲ.

ಮೈಸೂರಿನ ಆ ಮೇಷ್ಟರು ಒಳ್ಳೆಯವರು. ಗೌರಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅವಳ ಅಂಗೈಯನ್ನು ತಮ್ಮ ಗಂಟಲಿಗೆ ಒತ್ತಿಕೊಂಡು "ಅ" ಎಂದರು. ಅವಳ ಕಣ್ಣು ಅರಳಿದ್ದನ್ನು ನಾನು ನೋಡಿದೆ. "ಕರಕೊಂಡು ಬನ್ನಿ. ಆದರೆ ಜಾಗ ಕಡಿಮೆ, ಅರ್ಜಿ ಸರ್ಕಾರದ ಮೂಲಕ ಬರಬೇಕು" ಎಂದರು. ಅರ್ಜಿ ತಾನೆ, ನನಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡೆ.

ಅರ್ಜಿ ಹೋಯಿತು, ಬಂತು. "ವಯಸ್ಸಿನ ದಾಖಲೆ ಲಗತ್ತಿಸಿಲ್ಲ" ಎಂದು ಮೇಲಿನ ಕಚೇರಿಯವರ ಷರಾ. ಲಗತ್ತಿಸಿದೆ. ಮತ್ತೆ ಬಂತು. "ಅರ್ಜಿ ಸಂಬಂಧಪಟ್ಟವರ ಹೆಸರಿನಲ್ಲೇ ಇರತಕ್ಕದ್ದು." ಸರಿ, ತಂದೆಯ ಹೆಸರು ಹೊಡೆದು, ಸ್ಲೇಟು ಹಿಡಿಯಲೂ ಬಾರದ ಗೌರಮ್ಮನನ್ನು ಅರ್ಜಿದಾರಳನ್ನಾಗಿ ಮಾಡಿ, ಅವಳ ಹೆಬ್ಬೆಟ್ಟು ಒತ್ತಿಸಿದೆ. ಮಸಿ ಹತ್ತಿದ ಬೆರಳನ್ನು ಅವಳು ಬೀದಿಗೆಲ್ಲ ತೋರಿಸಿ ಬಂದಳು. ಅಷ್ಟರಲ್ಲಿ ಆರು ತಿಂಗಳಾಗಿತ್ತು. ಮನೆಯಲ್ಲಿ ಶತಪಥ ಹಾಕುತ್ತ ಕೂಗಾಡುತ್ತಿದ್ದೆ: "ಆ ಷರಾ ಬರೆಯೋನಿಗೆ ಮಕ್ಕಳಿಲ್ಲವೇನೇ? ಅವನು ಮನುಷ್ಯನೋ, ಮರದ ಕೊರಡೋ?" ಗೌರಿ ನನ್ನ ಬಾಯಿಯನ್ನೂ ಕೈಯನ್ನೂ ನೋಡುತ್ತ ನಿಂತಿರುತ್ತಿದ್ದಳು.

ಕೊನೆಗೆ ಅರ್ಜಿ ಸ್ಥಳೀಯ ವಿಚಾರಣೆಗೆಂದು ನಮ್ಮ ಕಚೇರಿಗೇ ಇಳಿಯಿತು. ನಾನಾಗ ಅಮಲ್ದಾರರ ಜೊತೆ ಗುರುಪುರದ ಕಡೆ ಕ್ಯಾಂಪಿನಲ್ಲಿದ್ದೆ. ಮೂರನೆಯ ದಿನ ಮನೆಗೂ ಹೋಗದೆ ನೇರವಾಗಿ ಕಚೇರಿಗೆ ಬಂದರೆ ಮೇಜಿನ ಮೇಲೆ ಅರ್ಜಿಗಳ ರಾಶಿ. ನಮ್ಮಲ್ಲಿ ಪದ್ಧತಿ ಹೀಗೆ: ಬಾಗಿಲಲ್ಲಿ ನಿಂತ ದಲಾಯತ ಒಬ್ಬೊಬ್ಬ ಅರ್ಜಿದಾರನ ಹೆಸರನ್ನೂ ಮೂರು ಸಲ ಕೂಗುತ್ತಾನೆ. ಓಗೊಟ್ಟವರು ಒಳಗೆ ಬರುತ್ತಾರೆ. ಓಗೊಡದಿದ್ದರೆ ದಲಾಯತ ಒಳಗೆ ತಲೆ ಹಾಕಿ, "ಇಲ್ಲ ಬುದ್ಧಿ" ಎನ್ನುತ್ತಾನೆ. ನಾನು ಮಡಿಸಿದ ಅರ್ಜಿಯ ಬೆನ್ನ ಮೇಲೆ, ನಂಬರಿನ ಕೆಳಗೆ, "ಮೂರು ಸಲ ಕೂಗಲಾಯಿತು. ಗೈರುಹಾಜರಿ. ವಜಾ" ಎಂದು ಬರೆದು ಅತ್ತ ತಳ್ಳುತ್ತೇನೆ. ಬಿಚ್ಚಿ ಓದುವ ಅಗತ್ಯವಿಲ್ಲ, ಕೈಗೆ ಅಭ್ಯಾಸವಾಗಿದೆ. ಆ ದಿನವೂ ಕೈ ಬರೆಯುತ್ತಿತ್ತು. ಮನಸ್ಸು ಮೇಲಿನ ಕಚೇರಿಯ ಆ ಕೊರಡಿಗೆ ಒಂದು ಖಾರವಾದ ಕಾಗದವನ್ನು ಕಟ್ಟುತ್ತಿತ್ತು. ನಾಲ್ಕು ವಾಕ್ಯ ಬಹಳ ಚೆನ್ನಾಗಿ ಬಂದಿದ್ದವು. ಅಮಲ್ದಾರರು ರಾಶಿಗೆಲ್ಲ ರುಜು ಹಾಕಿ ಎದ್ದರು.

ಹೊರಗೆ ಬಂದರೆ ಬಾಗಿಲ ಮೆಟ್ಟಿಲ ಮೇಲೆ ಗೌರಿ, ಒಳಗೆ ನನ್ನ ಮೇಜಿನ ಕಡೆಗೇ ಕಣ್ಣಿಟ್ಟು ಕೂತಿದ್ದಳು. ತಲೆಗೆ ಎಣ್ಣೆ ಹಚ್ಚಿ, ಜಡೆ ಹಾಕಿ, ಹಬ್ಬದ ಲಂಗ ಉಡಿಸಿತ್ತು. ಬೇರೆ ತಾಲ್ಲೂಕಿನಿಂದ ವರ್ಗವಾಗಿ ಬಂದ ಹೊಸ ದಲಾಯತ ಅವಳ ನೆತ್ತಿಯ ಮೇಲೆಯೇ ನಿಂತಿದ್ದ. ಬಾವಿಯ ಕಡೆಯಿಂದ ಚೊಂಬು ಹಿಡಿದು ನಂಜಮ್ಮ ಓಡಿ ಬಂದಳು.

"ಮಗೂಗೆ ನೀರು ತರೋಕ್ ಹೋಗಿದ್ದೆ ಕಣ್ರೀ. ಇವತ್ತು ಕರ್ಕಂಡು ಬನ್ನಿ ಅಂತ ನೋಟೀಸ್ ಬಂದಿತ್ತು. ಕೂಗಿದ್ರಾ?"

"ಕೂಗ್ದೆ ಕಣವ್ವಾ, ಮೂರು ಸಲ, ಗಂಟ್ಲು ಅರಿಯೋ ಅಂಗೆ" ಎಂದ ದಲಾಯತ. "ಗೌರಮ್ಮ ಅನ್ನೋರು ಯಾರೂ ಓಗೊಡ್ನಿಲ್ಲ. ಈ ಕೂಸು ಇಲ್ಲೇ ಕುಂತಿತ್ತು ನೋಡಿ, ಬೇಕಾದ್ರೆ ಕೇಳಿ."

ನಂಜಮ್ಮ ನನ್ನ ಬೆರಳಿನ ಮಸಿ ನೋಡಿದಳು. "ಅವಳ್ಗೆ ಕೇಳ್ಸಾಕಿಲ್ಲ, ಡಾಕ್ಟ್ರು ಯೇಳವ್ರೆ. ಒಳಗೇ ಕುಂತಿದ್ರಲ್ಲ, ನಿಮ್ಗೇನಾಗಿತ್ತು?" ಎಂದಳು.

ವಜಾ ಆದ ಅರ್ಜಿಯನ್ನು ಎಬ್ಬಿಸಲು ಅರ್ಜಿದಾರಳು ಏಕೆ ಓಗೊಡಲಿಲ್ಲ ಎಂದು ವಿವರಣೆ ಕೊಡಬೇಕಿತ್ತು. "ಅರ್ಜಿದಾರಳಿಗೆ ಕಿವಿ ಕೇಳಿಸುವುದಿಲ್ಲ" ಎಂದು ಬರೆದೆ. ಅರ್ಜಿಯ ಮೊದಲನೆಯ ಸಾಲೂ ಅದೇ ಆಗಿತ್ತು. ಅದು ಮೈಸೂರು ಮುಟ್ಟುವ ಹೊತ್ತಿಗೆ ಜಾಗವೆಲ್ಲ ತುಂಬಿತ್ತು. ಮೇಷ್ಟರು ಬಹಳ ನೊಂದು, ಮುಂದಿನ ವರ್ಷ ಬನ್ನಿ ಎಂದು ಬರೆದರು. ಗೌರಿಗೆ ಆರು ತುಂಬಿತು.

ಈಗ ನಾನು ಪ್ರತಿ ಹೆಸರಿಗೂ ಎದ್ದು ಬಾಗಿಲಿಗೆ ಹೋಗಿ, ಕೂತವರನ್ನೆಲ್ಲ ಮುಟ್ಟಿ ಕೇಳಿ ಬರುತ್ತೇನೆ. ದಲಾಯತ ಗೊಣಗುತ್ತಾನೆ, ಶಿರಸ್ತೇದಾರರು ಹುಬ್ಬು ಗಂಟಿಕ್ಕುತ್ತಾರೆ. ಹನ್ನೊಂದು ವರ್ಷದಲ್ಲಿ ಆ ಮೆಟ್ಟಿಲ ಮೇಲೆ ಕೂತೇ ವಜಾ ಆದವರು ಎಷ್ಟು ಮಂದಿಯೋ.

ಗೌರಿ ಸುಮ್ಮನೆ ಕೂತಿಲ್ಲ. ಮನೆಯವರಿಗೆಲ್ಲ ಕೈಯಲ್ಲೇ ಹೆಸರಿಟ್ಟಿದ್ದಾಳೆ. ರಾಗಿ ಬೀಸುವ ಹಾಗೆ ಕೈ ತಿರುಗಿಸಿದರೆ ಅಜ್ಜಿ. ಕೆನ್ನೆ ಸವರಿಕೊಂಡರೆ ಅಮ್ಮ. ಮೊನ್ನೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗೆ ತಾಯಿಗೆ ಏನೋ ಹೇಳುತ್ತಿದ್ದಳು: ಎಡ ಅಂಗೈಯ ಮೇಲೆ ಬೆರಳಿನಿಂದ ಗೀಚಿದಳು, ಕಾಗದ ತಳ್ಳುವಂತೆ ಕೈಯನ್ನು ಅತ್ತ ಒಗೆದಳು.

"ಏನಂತೆ?" ಎಂದೆ.

"ಅಪ್ಪ ಬಂದ್ರು ಅಂತವ್ಳೆ" ಎಂದಳು ನಂಜಮ್ಮ.